ಪುಟ್ಟಿ, ಆ ಗಾಜಿನ ಸೆಟ್ ಈಗಲೇ ಆರ್ಡರ್ ಮಾಡಬೇಡ

ಪುಟ್ಟಿ, ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಟೈಪ್ ಮಾಡುತ್ತಾ ಕೂತರೆ ನನಗೆ ಸಂಜೆ ಆಗುತ್ತೆ, ಅದಕ್ಕೇ ಮಾತಾಡಿಯೇ ಕಳಿಸುತ್ತಿದ್ದೇನೆ. ಉದ್ದ ಆಗುತ್ತೆ, ಕೆಲಸ ಮಾಡಿಕೊಂಡೇ ಕೇಳು. ಗುಂಪಿನ ಮಿಕ್ಕವರೂ ಕೇಳಿ, ಸುಮ್ನೆ ಹೆಬ್ಬೆರಳು ಒತ್ತಿ ಮುಂದೆ ಹೋಗಬೇಡಿ.

ನೀನು ಕೇಳಿದ್ದು ಇಷ್ಟು, ಅಲ್ವಾ? ಕ್ರಿಸ್ಮಸ್ ದಿನ ನಿಮ್ಮ ಅತ್ತೆ ಮಾವ ಮೊದಲ ಸಲ ನಿಮ್ಮ ಫ್ಲ್ಯಾಟಿಗೆ ಊಟಕ್ಕೆ ಬರುತ್ತಾರೆ. ಅಳಿಯಂದಿರಿಗೆ ಈ ವರ್ಷ ಬೋನಸ್ ಇಲ್ಲ. ಮನೆಯಲ್ಲಿ ಇರೋದೆಲ್ಲ ಸ್ಟೀಲ್ ತಟ್ಟೆ, ಮನೆ ಬೋಳು ಬೋಳು ಕಾಣುತ್ತೆ, ಆ ಗಾಜಿನ ಡಿನ್ನರ್ ಸೆಟ್ ಕಂತಿನ ಮೇಲೆ ತರಿಸಲಾ ಅಂತ. ಫೋಟೋ ನೋಡಿದೆ. ಚೆಂದ ಇದೆ, ಇಲ್ಲ ಅನ್ನಲ್ಲ. ಆದರೆ ಮಧ್ಯದಲ್ಲಿ ಆ ದೊಡ್ಡ ಬೋಗುಣಿ ಇದೆಯಲ್ಲ, ಮೈಮೇಲೆ ದ್ರಾಕ್ಷಿ ಗೊಂಚಲು ಕೆತ್ತಿರೋದು, ಅದನ್ನು ನೋಡಿದ್ದೇ ನನ್ನ ಎದೆ ಧಸಕ್ ಅಂತು. ಅಂಥದ್ದೇ ಬೋಗುಣಿ ನಮ್ಮ ಮನೆಗೆ ಬಂದಿತ್ತು.

ನೀನಿನ್ನೂ ಹುಟ್ಟಿರಲಿಲ್ಲ. ನಿಮ್ಮಮ್ಮ ಪಿಯುಸಿ ಓದುತ್ತಿದ್ದಳು, ರಜಕ್ಕೆ ನನ್ನ ಹತ್ತಿರ ಮೈಸೂರಿಗೆ ಬಂದಿದ್ದಳು. ಆಗ ಹಳೇ ಮನೆ, ಹಿಂದುಗಡೆ ಸೀಬೆ ಮರ ಇತ್ತಲ್ಲ, ಅದು. ನನ್ನ ನಾದಿನಿ ಕ್ರಿಸ್ಮಸ್ಸಿಗೆ ಬರುವಾಗ ಒಂದು ಗಾಜಿನ ಬೋಗುಣಿ ತಂದಳು. ತಳ ಎಷ್ಟು ದಪ್ಪ ಅಂದರೆ ಎತ್ತಿದರೆ ಒರಳುಕಲ್ಲು ಎತ್ತಿದ ಹಾಗೆ. ಬೆಳಕಿಗೆ ಹಿಡಿದರೆ ಗೋಡೆ ಮೇಲೆ ಬಣ್ಣ ಬೀಳುತ್ತಿತ್ತು. ನಮ್ಮತ್ತೆ ಅದನ್ನು ಮುಟ್ಟಿ ಮುಟ್ಟಿ ನೋಡಿದರು. ಮನೆಯಲ್ಲಿ ಆವತ್ತಿನವರೆಗೆ ಪಾಯಸ ಬಡಿಸುತ್ತಿದ್ದದ್ದು ಹಿತ್ತಾಳೆ ಸೌಟಿನಲ್ಲಿ, ತಪ್ಪಲೆಯಿಂದ ನೇರ ಲೋಟಕ್ಕೆ.

ರಾತ್ರಿ ಪೂಜೆ ಮುಗಿಸಿ ಎಲ್ಲರೂ ತಡವಾಗಿ ಮಲಗಿದ್ದೆವು. ಮಧ್ಯಾಹ್ನದ ಊಟಕ್ಕೆ ಒಲೆ ಮೇಲೆ ಶಾವಿಗೆ ಪಾಯಸ ಕುದಿಯುತ್ತಿತ್ತು. ನಾದಿನಿ ಬೋಗುಣಿಯನ್ನು ನಲ್ಲಿ ಕೆಳಗೆ ತೊಳೆದಳು. ಡಿಸೆಂಬರ್ ನೀರು, ಕೈ ಮರಗಟ್ಟುವಷ್ಟು ತಣ್ಣಗೆ. ತೊಳೆದು ಹಾಗೇ ಒದ್ದೆ ಕಡಪಾ ಕಲ್ಲಿನ ಮೇಲೆ ಇಟ್ಟಳು. "ಸ್ವಲ್ಪ ಆರಲಿ ಕಣೆ, ಆಮೇಲೆ ಹಾಕು" ಅಂದೆ. "ಅಂಗಡಿಯವನು ಬಿಸಿಗೂ ಆಗುತ್ತೆ, ತಣ್ಣಗಿರೋದಕ್ಕೂ ಆಗುತ್ತೆ ಅಂದಿದ್ದಾನೆ ಅತ್ತಿಗೆ" ಅಂತ ಮಸಿ ಬಟ್ಟೆಯಲ್ಲಿ ತಪ್ಪಲೆ ಹಿಡಿದು ಸುರಿದೇ ಬಿಟ್ಟಳು.

ದೊಡ್ಡ ಸದ್ದೇನೂ ಬರಲಿಲ್ಲ. 'ಟಕ್' ಅಂತು, ಅಷ್ಟೇ. ಏನೂ ಆಗಿಲ್ಲ ಅಂದುಕೊಂಡು ಅವಳು ಎರಡೂ ಕೈಯಲ್ಲಿ ಎತ್ತಿದಳು. ಮೇಲಿನ ಭಾಗ ಬಳೆ ಥರ ಕೈಗೆ ಬಂತು, ತಳ ಕಲ್ಲಿನ ಮೇಲೇ ಉಳೀತು. ಪಾಯಸ ಕಟ್ಟೆಯಿಂದ ನೆಲಕ್ಕೆ, ನೆಲದಿಂದ ಅವಳ ಪಾದಕ್ಕೆ. ಎರಡು ಬೆರಳು ಬೊಬ್ಬೆ ಎದ್ದವು. ಮಕ್ಕಳು ಓಡಿಬಂದು ಕಟ್ಟೆ ಮೇಲಿಂದ ಗೋಡಂಬಿ ಆರಿಸಿ ಬಾಯಿಗೆ ಹಾಕೋಕೆ ಹೊರಟರು. ನಿಮ್ಮಮ್ಮ ಒಬ್ಬನ ಕೈ ಹಿಡಿದು ಬೆರಳು ಬಿಡಿಸಿ ನೋಡುತ್ತಾಳೆ, ಅವನು ಹಿಡಿದಿರೋದು ಗೋಡಂಬಿ ಚೂರಲ್ಲ, ಗಾಜು. ಹಾಲಿನಲ್ಲಿ ಅದ್ದಿದ ಗಾಜಿನ ಚೂರೂ ಗೋಡಂಬಿ ಚೂರೂ ಒಂದೇ ಥರ ಕಾಣುತ್ತವೆ ಪುಟ್ಟಿ. ಬೆಳಕಿಗೆ ಹಿಡಿದರೂ ಗೊತ್ತಾಗಲಿಲ್ಲ. ಅಷ್ಟೂ ಪಾಯಸ ಚೆಲ್ಲಿದೆವು. ಪಕ್ಕದಲ್ಲಿ ಮುಚ್ಚಳ ಇಲ್ಲದೆ ಇಟ್ಟಿದ್ದ ಪುಲಾವನ್ನೂ ಅನುಮಾನಕ್ಕೆ ಚೆಲ್ಲಿದೆವು. ಹಬ್ಬದ ದಿನ ಉಪ್ಪಿಟ್ಟು ತಿಂದೆವು.

ಅದಕ್ಕೇ ಹೇಳುತ್ತಿದ್ದೇನೆ, ಬಿಸಿ ಅಡುಗೆಯನ್ನು ತಣ್ಣನೆ ಗಾಜಿಗೆ ಸುರಿಯಬೇಡ. ನಾನು ಅಷ್ಟು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳು, ಸುಮ್ನೆ ಹೆದರಿಸುತ್ತಿಲ್ಲ. ಬಿಸಿ ತಾಗಿದ ಒಳಗಡೆ ಗಾಜು ಹಿಗ್ಗುತ್ತೆ. ಗಾಜಿನಲ್ಲಿ ಶಾಖ ಬೇಗ ಹರಿಯಲ್ಲ, ಹೊರಗಡೆ ಇನ್ನೂ ತಣ್ಣಗೇ ಇರುತ್ತೆ, ಅದು ಹಿಗ್ಗಲ್ಲ. ಎರಡರ ಎಳೆದಾಟದಲ್ಲಿ ಸೀಳುತ್ತೆ. ಗಾಜು ದಪ್ಪ ಇದ್ದಷ್ಟೂ ಈ ಎಳೆದಾಟ ಜಾಸ್ತಿ. ದಪ್ಪ ಇದೆ, ಗಟ್ಟಿ ಇದೆ ಅಂತ ನಂಬಿದವರೇ ಕೆಡೋದು. ಲ್ಯಾಬಿನಲ್ಲಿ ನಾವು ಬೆಂಕಿ ಮೇಲೆ ಇಡುತ್ತಿದ್ದ ಬೀಕರ್ ಬೇರೆ ಗಾಜು, ಬೋರೋಸಿಲಿಕೇಟ್ ಅಂತಾರೆ. ಮಾಮೂಲಿ ಗಾಜು ಅದಕ್ಕಿಂತ ಹೆಚ್ಚು ಕಡಿಮೆ ಮೂರು ಪಟ್ಟು ಹಿಗ್ಗುತ್ತೆ. ಹೊಳೆಯುವ, ಕೆತ್ತನೆ ಇರುವ, ಅಗ್ಗದ ಬೋಗುಣಿಗಳು ಸಾಮಾನ್ಯವಾಗಿ ಮಾಮೂಲಿ ಗಾಜೇ. ನೀನು ಕಳಿಸಿದ ಫೋಟೋ ಕೆಳಗೆ ಯಾವ ಗಾಜು ಅಂತ ಎಲ್ಲೂ ಬರೆದಿಲ್ಲ, ನೋಡಿಕೋ. 'ಪ್ರೀಮಿಯಂ' ಅಂತ ಮಾತ್ರ ಬರೆದಿದ್ದಾರೆ. ಪ್ರೀಮಿಯಂ ಅನ್ನೋದು ಗಾಜಿನ ಜಾತಿಯಾ?

ಇನ್ನು ಆ ತಟ್ಟೆಗಳಿಗೆ ಚಿನ್ನದ ಬಣ್ಣದ ಅಂಚು ಇದೆ. ಅದನ್ನು ಮೈಕ್ರೋವೇವಿಗೆ ಇಟ್ಟರೆ ಚಟಪಟ ಕಿಡಿ ಹಾರುತ್ತೆ. ನಿಮ್ಮ ಮನೆ ಕೆಲಸದವಳು ಸ್ಟೀಲ್ ನಾರಿನಲ್ಲಿ ಉಜ್ಜಿದರೆ ಚಿನ್ನ ಈಸ್ಟರ್‌ವರೆಗೂ ಬರಲ್ಲ, ಕಂತು ಮಾತ್ರ ಅದಾದಮೇಲೂ ಬರುತ್ತೆ.

ನಾದಿನಿ ಒಡೆದ ಬೋಗುಣಿಯ ತಳ ಪೇಪರಿನಲ್ಲಿ ಸುತ್ತಿಕೊಂಡು ಅಂಗಡಿಗೆ ಹೋದಳು. ಅವನೇನಂದ ಗೊತ್ತಾ? "ಬಿಸಿಗೆ ಆಗುತ್ತೆ ಅಂದಿದ್ದು ನಿಜ ಅಮ್ಮ, ಬಿಸಿ ಅಂದರೆ ಬಿಸಿನೀರು. ಪಾಯಸ ಅಂತ ನಾನೆಲ್ಲಿ ಹೇಳಿದೆ?" ನಯಾಪೈಸೆ ವಾಪಸ್ ಬರಲಿಲ್ಲ. ಅದಿರಲಿ. ಊರಿಗೆ ಹೋಗಿ ಇವಳು ಏನು ಹೇಳಿಕೊಂಡು ತಿರುಗಿದಳು ಅಂದರೆ, ಅತ್ತಿಗೆ ಕಣ್ಣು ಹಾಕಿದ್ದಕ್ಕೇ ಬೋಗುಣಿ ಒಡೀತಂತೆ! ಆರಲಿ ಅಂತ ಹೇಳಿದ್ದು ನಾನು. ನೆಲ ಒರೆಸಿದ್ದು ನಾನು. ಬೊಬ್ಬೆಗೆ ತಣ್ಣೀರು ಹುಯ್ದಿದ್ದು ನಾನು. ಕಣ್ಣು ಹಾಕಿದವಳೂ ನಾನೇ.

ಮಾತು ಬಂದಿದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ನಮ್ಮಮ್ಮನ ಪಿಂಗಾಣಿ ತಟ್ಟೆಗಳು, ಅಂಚಿಗೆ ನೀಲಿ ಹೂವಿನ ಬಳ್ಳಿ ಇರೋವು, ನಿಮಗೆಲ್ಲ ನೆನಪಿರಬೇಕು. ವರ್ಷಕ್ಕೊಮ್ಮೆ ಮಾತ್ರ ಕೆಳಗೆ ಇಳಿಯುತ್ತಿದ್ದವು. ಕಲ್ಕಲ್ ಅನ್ನೋ ಕರಿದ ಸಿಹಿ ತಿಂಡಿ, ಕಜ್ಜಾಯ, ಒಂದು ತುಂಡು ಕೇಕು ಜೋಡಿಸಿ, ಕ್ರೋಷಾ ಬಟ್ಟೆ ಮುಚ್ಚಿ, ಅಕ್ಕಪಕ್ಕದ ಮನೆಗೆ ನಮ್ಮ ಕೈಯಲ್ಲೇ ಕಳಿಸುತ್ತಿದ್ದಳು. ಆ ಕಡೆಯ ಮನೆಯವರು ತಟ್ಟೆ ಖಾಲಿ ಕೊಡುತ್ತಿರಲಿಲ್ಲ. ಸಕ್ಕರೆಯೋ, ಎರಡು ಬಾಳೆಹಣ್ಣೋ ಹಾಕಿ ಕೊಡುತ್ತಿದ್ದರು. ಸಂಕ್ರಾಂತಿಗೆ ಅವರ ಮನೆಯಿಂದ ಎಳ್ಳು ಬೆಲ್ಲ ಬಂದಾಗ ನಾವೂ ಹಾಗೇ. ಅಮ್ಮ ಹೋದಮೇಲೆ ಆ ತಟ್ಟೆಗಳು ನನ್ನ ಪಾಲಿಗೆ ಬಂದವು. ಒಂದು ಕ್ರಿಸ್ಮಸ್ಸಿಗೆ ತಿಂಡಿ ತುಂಬಿಸಿ ನಾದಿನಿ ಮನೆಗೆ ಕಳಿಸಿದೆ. ಅಲ್ಲೇ ಉಳಿದವು. ಖಾಲಿ ತಟ್ಟೆ ವಾಪಸ್ ಕೊಡಬಾರದು, ಸರಿ. ಅದಕ್ಕೆ ತಟ್ಟೆಯನ್ನೇ ವಾಪಸ್ ಕೊಡದೆ ಇರೋದಾ? ಮೊನ್ನೆ ವಿಡಿಯೋ ಕಾಲಿನಲ್ಲಿ ನೋಡುತ್ತೇನೆ, ಅವಳ ಬಾಲ್ಕನಿಯಲ್ಲಿ ಮನಿಪ್ಲಾಂಟ್ ಕುಂಡದ ಕೆಳಗೆ ನಮ್ಮಮ್ಮನ ನೀಲಿ ಬಳ್ಳಿ. ಕುಂಡದಿಂದ ಸೋರಿದ ಕೆಸರು ನೀರು ಅದರಲ್ಲಿ ನಿಂತಿದೆ. ನೋಡಿ ಮಾತೇ ಹೊರಡಲಿಲ್ಲ. ಈ ಗುಂಪಿನಲ್ಲಿ ಅವಳೂ ಇದ್ದಾಳೆ, ಕೇಳಿಸಿಕೊಳ್ಳಲಿ. ಅವಳ ಮಗ ಜನವರಿಯಲ್ಲಿ ಮೈಸೂರಿಗೆ ಬರುತ್ತಾನಂತೆ. ಪೇಪರ್ ಸುತ್ತಿ ಕಳಿಸಿದರೆ ಸಾಕು, ಸಕ್ಕರೆ ಬೇಡ.

ಎಲ್ಲಿದ್ದೆ? ಹಾಂ, ನಿನ್ನ ಮನೆ ಬೋಳು ಅನ್ನೋದು.

ನಿಮ್ಮ ಮಾವನವರ ವಿಷಯ ನಿನಗೆ ಮರೆತಿದೆ. ಮದುವೆ ಮಾತುಕತೆಗೆ ಬಂದ ದಿನ ನಿಮ್ಮಮ್ಮ ಎಲ್ಲೋ ಸಾಲ ತಂದ ಪಿಂಗಾಣಿ ಕಪ್ಪಿನಲ್ಲಿ ಕಾಫಿ ಕೊಟ್ಟಳು. ಅವರು ಒಂದು ಗುಟುಕು ಕುಡಿದು, "ಒಂದು ಸ್ಟೀಲ್ ಲೋಟ ಸಿಗುತ್ತಾಮ್ಮ?" ಅಂದರು. ಅವರಿಗೆ ನೀನು ಗಾಜಿನ ಸೆಟ್ ಹೊಂದಿಸೋಕೆ ಹೊರಟಿದ್ದೀಯ. ಇರುವ ಸ್ಟೀಲ್ ತಟ್ಟೆಯನ್ನೇ ಹುಣಸೆಹಣ್ಣು ಹಾಕಿ ತಿಕ್ಕಿಸು. ಬಾಳೆ ಎಲೆಯನ್ನು ತಟ್ಟೆಯ ಅಳತೆಗೆ ದುಂಡಗೆ ಕತ್ತರಿಸಿ ಒಳಗೆ ಹಾಸು. ಅದರ ಮೇಲೆ ಬಿಳೀ ಪುಲಾವ್ ಬಿದ್ದರೆ ಯಾವ ಡಿನ್ನರ್ ಸೆಟ್ಟೂ ಪಕ್ಕದಲ್ಲಿ ನಿಲ್ಲಲ್ಲ. ತೊಳೆಯುವ ಕೆಲಸವೂ ಕಡಿಮೆ.

ಚೆಂದದ್ದು ಏನಾದರೂ ತಗೋಬೇಕು ಅನಿಸಿದರೆ ತಗೋ, ಬೇಡ ಅನ್ನಲ್ಲ. ಹಬ್ಬಕ್ಕೆ ಮನೆಗೆ ಒಂದು ಹೊಸ ಸಾಮಾನು ಬಂದರೆ ಮನಸ್ಸಿಗೆ ಖುಷಿ ಆಗುತ್ತೆ, ನನಗೂ ಆಗುತ್ತೆ. ರಸ್ತೆ ಬದಿ ಖುರ್ಜಾ ಊರಿನ ಪಿಂಗಾಣಿ ಗುಡ್ಡೆ ಹಾಕಿಕೊಂಡು ಕೂತಿರುತ್ತಾರಲ್ಲ, ಅಲ್ಲಿ ಎರಡು ಬಟ್ಟಲು ಆರಿಸು, ಒಂದು ಉಪ್ಪಿನಕಾಯಿಗೆ, ಒಂದು ಮೊಸರು ಬಜ್ಜಿಗೆ. ಬೆರಳ ಗೆಣ್ಣಿನಲ್ಲಿ ತಟ್ಟಿ ನೋಡು. ಠಣ್ ಅಂದರೆ ತಗೋ. ಸದ್ದು ಒಡೆದಂತೆ ಮಂಕಾಗಿ ಬಂದರೆ ಎಲ್ಲೋ ಕೂದಲೆಳೆ ಬಿರುಕು ಇದೆ ಅಂತ ಅರ್ಥ, ಎಷ್ಟು ಕಡಿಮೆಗೆ ಕೊಟ್ಟರೂ ಬೇಡ.

ಮೈಸೂರಿಗೆ ಬಂದು ಹೋಗುವಾಗ ಚನ್ನಪಟ್ಟಣಕ್ಕೆ ಇಳಿಯಿರಿ. ಹೊಸ ಹೆದ್ದಾರಿ ಆದಮೇಲೆ ಊರು ಕಣ್ಣಿಗೇ ಬೀಳಲ್ಲ, ನಿಮ್ಮ ದೊಡ್ಡಪ್ಪನಿಗೆ ಅದೇ ಬೇಜಾರು. ಬೈಪಾಸ್ ಬಿಟ್ಟು ಹಳೇ ರಸ್ತೆಗೆ ಹೋಗಬೇಕು. ಅಲ್ಲಿ ಹಾಲೆ ಮರದ ಸಣ್ಣ ಗಂಟೆ, ನಕ್ಷತ್ರ, ಬುಗುರಿ ಸಿಗುತ್ತೆ, ಕ್ರಿಸ್ಮಸ್ ಮರಕ್ಕೆ ನೇತು ಹಾಕಬಹುದು. ಲೇತಿನಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಹಿಡೀತಾರೆ, ಉಜ್ಜಿದ ಬಿಸಿಗೆ ಅರಗು ಕರಗಿ ಬಣ್ಣ ಹತ್ತಿಕೊಳ್ಳುತ್ತೆ. ಆಮೇಲೆ ಕೇದಗೆ ಗರಿಯಲ್ಲಿ ಒತ್ತಿ ಹೊಳಪು ಬರಿಸುತ್ತಾರೆ. ಮಕ್ಕಳಿಗೆ ತೋರಿಸು, ಅಂಗಡಿಯಲ್ಲಿ ಕೊಂಡ ಪ್ಲಾಸ್ಟಿಕ್ ಗುಂಡುಗಳನ್ನು ಕೇಳೋದೇ ಇಲ್ಲ. ಬಿದ್ದರೆ ಒಡೆಯಲ್ಲ, ಅದು ಮುಖ್ಯ.

ಇಷ್ಟು ಕೇಳಿದ ಮೇಲೂ ಆ ಬೋಗುಣಿ ಬೇಕೇ ಬೇಕು ಅಂದರೆ, ಹಣ್ಣು ಇಡು, ಸಲಾಡ್ ಹಾಕು, ನೀರು ತುಂಬಿ ಸೇವಂತಿಗೆ ತೇಲಿಬಿಡು. ಬಿಸಿ ಪಾಯಸ ಮಾತ್ರ ಸುರಿಯಬೇಡ. ಮತ್ತೆ ಹೇಳುತ್ತೇನೆ, ತಣ್ಣನೆ ಗಾಜಿಗೆ ಬಿಸಿ ಸುರಿಯಬೇಡ, ನಿಮ್ಮತ್ತೆ "ಏನಾಗಲ್ಲ ಹಾಕಮ್ಮ" ಅಂದರೂ ಹಾಕಬೇಡ.

ಅಯ್ಯೋ, ಮುಖ್ಯವಾದದ್ದೇ ಬಿಟ್ಟೆ. ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ ಕಟ್ಟುತ್ತೇವಲ್ಲ, ಆ ಗೋದಲಿಯ ಹಸಿರಿಗೆ ರಾಗಿ ಹಾಕಿದೆಯಾ? ತಟ್ಟೆ ಲೋಟ ಹಿಂದಿನ ದಿನವೂ ತರಬಹುದು, ರಾಗಿ ಪೈರನ್ನು ಯಾವ ಅಂಗಡಿಯೂ ಹಿಂದಿನ ದಿನ ಬೆಳೆದು ಕೊಡಲ್ಲ. ಚೆನ್ನಾಗಿ ಏಳೋಕೆ ಹತ್ತು ಹನ್ನೆರಡು ದಿನ ಬೇಕು, ಅಂದರೆ ಡಿಸೆಂಬರ್ 13, 14ರೊಳಗೆ ಮಣ್ಣಿಗೆ ಬೀಳಬೇಕು. ಇವತ್ತು ರಾತ್ರಿಯೇ ಒಂದು ಹಿಡಿ ನೆನೆಹಾಕು. ಹಬ್ಬದ ಖುಷಿಯಲ್ಲಿ ಅರ್ಧ ಇದರಲ್ಲೇ ಇದೆ. ನಿನ್ನ ಮಗಳು ದಿನಾ ಬೆಳಿಗ್ಗೆ ಎದ್ದು ಬಗ್ಗಿ ನೋಡುತ್ತಾಳೆ, ಮೊದಲು ಬಿಳೀ ಮೊಳಕೆ, ಆಮೇಲೆ ಸೂಜಿಯಂಥ ಹಸಿರು. 1223ರಲ್ಲಿ ಸಂತ ಫ್ರಾನ್ಸಿಸರು ಇಟಲಿಯ ಗ್ರೆಚ್ಚೊ ಊರಿನಲ್ಲಿ ಮೊದಲ ಗೋದಲಿ ಮಾಡಿದಾಗ ಇದ್ದದ್ದೇನು, ಒಣಹುಲ್ಲು, ಒಂದು ಎತ್ತು, ಒಂದು ಕತ್ತೆ. ನೀನು ಕಂತಿನ ಲೆಕ್ಕ ಹಾಕುತ್ತಾ ಕೂತಿದ್ದೀಯ.

ಸ್ಟೀಲ್ ತಟ್ಟೆಯಲ್ಲಿ ಬೆರಳು ದಪ್ಪ ಮಣ್ಣು ಹರಡು. ನೆನೆದ ರಾಗಿಯನ್ನು ಒತ್ತೊತ್ತಾಗಿ ಚೆಲ್ಲು, ಮೇಲೆ ತೆಳ್ಳಗೆ ಮಣ್ಣು ಉದುರಿಸು, ಒದ್ದೆ ಬಟ್ಟೆ ಮುಚ್ಚು. ಮೊಳಕೆ ಕಂಡಮೇಲೆ ಬಟ್ಟೆ ತೆಗೆದು ಕಿಟಕಿ ಹತ್ತಿರ ಇಡು. ನೀರು ಕೈಯಲ್ಲಿ ಚಿಮುಕಿಸಬೇಕು, ಲೋಟದಲ್ಲಿ ಹುಯ್ದರೆ ಕಾಳೆಲ್ಲ ಮೂಲೆಗೆ ಸೇರುತ್ತೆ. ಸೀರಿಯಲ್ ಸೆಟ್ ವೈರು ಒಣಹುಲ್ಲಿಗೂ ಹತ್ತಿಗೂ ತಾಗದ ಹಾಗೆ ಎಳೆಸು, ಮಲಗುವಾಗ ಆರಿಸು, ಅಳಿಯಂದಿರಿಗೆ ಹೇಳು.

ಕಲ್ಕಲ್ ಮಾಡೋಕೆ ಈ ಶನಿವಾರ ಮಕ್ಕಳನ್ನು ಕೂರಿಸು. ಹಿಟ್ಟಿನ ಉಂಡೆಯನ್ನು ಫೋರ್ಕ್ ಬೆನ್ನ ಮೇಲೂ ಉರುಳಿಸಬಹುದು, ಆದರೆ ಬಾಚಣಿಗೆ ಮೇಲೆ ಗೆರೆ ಸಣ್ಣಗೆ ಚೆನ್ನಾಗಿ ಬರುತ್ತೆ. ಬಾಚಣಿಗೆ ಹೊಸದು ತರಿಸು ಮತ್ತೆ, ಮನೆಯಲ್ಲಿ ಇರೋದನ್ನೇ ತೊಳೆದು ಕೊಡಬೇಡ.