ಪುಟ್ಟನ ದುಡ್ಡು ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅಂದ್ರೆ

ಚಿಕ್ಕಮ್ಮ, ನಮಸ್ಕಾರ. ನಿನ್ನೆ ರಾತ್ರಿ ನೀವು ಗ್ರೂಪಿಗೆ ಹಾಕಿದ್ದನ್ನು ಈಗ ನೋಡಿದೆ. ಓದೋಕೆ ಅಂತ ಜರ್ಮನಿಯ ಮ್ಯಾಗ್ಡೆಬರ್ಗ್‌ಗೆ ಹೋಗಿರುವ ನಿಮ್ಮ ಮಗ ಪುಟ್ಟನ ಕಾರ್ಡ್ ಅಲ್ಲಿನ ಬೇಕರಿಯಲ್ಲಿ ನಡೆಯಲಿಲ್ಲ, ಓಟಿಪಿ ಬರುತ್ತಿಲ್ಲ, ರೂಮಿನ ಅಡ್ವಾನ್ಸ್ ಕಟ್ಟೋಕೆ ಆಗುತ್ತಿಲ್ಲ, "ಇನ್ನೂ ಎರಡು ಲಕ್ಷ ಕಳಿಸ್ಲಾ?" ಅಂತ ಕೇಳಿದ್ದೀರಿ. ಅದರ ಕೆಳಗೆ ಚಿಕ್ಕಪ್ಪ "ನಾಳೆ ಎಫ್‌ಡಿ ಮುರಿಸ್ತೀನಿ" ಅಂದಿದ್ದಾರೆ. ಟೈಪ್ ಮಾಡಿದರೆ ಮುಗಿಯುವ ವಿಷಯ ಅಲ್ಲ, ಅದಕ್ಕೆ ವಾಯ್ಸ್ ಹಾಕುತ್ತಿದ್ದೇನೆ. ನಾನೂ ಇಲ್ಲೇ ಜರ್ಮನಿಯಲ್ಲಿ, ಆಫೀಸಿಂದ ಮನೆಗೆ ಹೋಗುವ ಟ್ರೈನಿನಲ್ಲಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಅಡುಗೆ ಮಾಡುತ್ತಾ ಕೇಳಿ.

ಮೊದಲು ಚಿಕ್ಕಪ್ಪನಿಗೆ. ಎಫ್‌ಡಿ ಮುಟ್ಟಬೇಡಿ. ಪುಟ್ಟನ ಹತ್ತಿರ ದುಡ್ಡಿಲ್ಲ ಅಂತಲ್ಲ. ವೀಸಾಕ್ಕೆ ಅಂತ ನೀವೇ ಕಟ್ಟಿದ 11,904 ಯೂರೋ ಅವನ ಹೆಸರಲ್ಲೇ ಜರ್ಮನಿಯ ಬ್ಲಾಕ್ಡ್ ಅಕೌಂಟಿನಲ್ಲಿ ಕೂತಿದೆ. ಅದು ಒಂದೇ ಸಲ ಕೈಗೆ ಬರುವುದಿಲ್ಲ. ತಿಂಗಳಿಗೆ 992 ಯೂರೋ ಬಿಡುತ್ತಾರೆ. ಅದನ್ನೂ ನೋಟಿನಲ್ಲಿ ಕೊಡುವುದಿಲ್ಲ, ಅವನದೇ ಹೆಸರಿನ ಮಾಮೂಲಿ ಬ್ಯಾಂಕ್ ಅಕೌಂಟಿಗೆ ಹಾಕುತ್ತಾರೆ. ಆ ಅಕೌಂಟ್ ಇನ್ನೂ ಓಪನ್ ಆಗಿಲ್ಲ. ಇನ್ನೆರಡು ಲಕ್ಷ ಕಳಿಸಬೇಕು ಅಂದರೂ ಎಲ್ಲಿಗೆ ಕಳಿಸುತ್ತೀರಿ? ಅದಕ್ಕೂ ಇದೇ ಅಕೌಂಟ್ ನಂಬರ್ ಬೇಕು. ತೀರಾ ಕೈ ಖಾಲಿ ಆದರೆ ಅವನ ಫಾರೆಕ್ಸ್ ಕಾರ್ಡಿಗೆ ಅಲ್ಲಿಂದಲೇ ಸ್ವಲ್ಪ ರೀಲೋಡ್ ಮಾಡಿಸಿ, ಸಾಕು.

ಹಾಗಾದರೆ ಅಕೌಂಟ್ ಓಪನ್ ಮಾಡೋಕೆ ಏನು ರೋಗ ಅಂತ ಕೇಳುತ್ತೀರಿ. ಇಲ್ಲಿ ಎಲ್ಲ ಒಂದಕ್ಕೊಂದು ಗಂಟು ಬಿದ್ದಿದೆ. ಮನೆಗೆ ಬಂದು ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಆನ್‌ಮೆಲ್ಡುಂಗ್ ಅನ್ನುತ್ತಾರೆ. ಅದಕ್ಕೆ ಮನೆ ಓನರ್ ಸಹಿ ಹಾಕಿದ ಕಾಗದ ಬೇಕು. ಓನರ್ ಅಡ್ವಾನ್ಸ್ ಬರದೆ ಕಾಗದ ಕೊಡುವುದಿಲ್ಲ ಅನ್ನುತ್ತಾನೆ. ಅಡ್ವಾನ್ಸ್ ಕಟ್ಟೋಕೆ ಅಕೌಂಟ್ ಬೇಕು. ಅಕೌಂಟಿಗೆ ಹೋದರೆ ಎಷ್ಟೋ ಬ್ಯಾಂಕಿನವರು ಮೊದಲು ಆನ್‌ಮೆಲ್ಡುಂಗ್ ಕಾಗದ ತೋರಿಸಿ ಅನ್ನುತ್ತಾರೆ. ಹುಡುಗ ದಡ್ಡ ಅಲ್ಲ, ಚಿಕ್ಕಮ್ಮ. ಮೊದಲ ತಿಂಗಳು ಇಲ್ಲಿಗೆ ಬಂದ ಯಾರನ್ನೇ ಕೇಳಿ, ಇದೇ ಕಥೆ ಹೇಳುತ್ತಾರೆ.

ಈ ಗಂಟನ್ನು ಅಡ್ವಾನ್ಸ್ ಕಡೆಯಿಂದ ಬಿಚ್ಚೋಣ. ಪುಟ್ಟ, ಓನರ್ ಮೂರು ತಿಂಗಳ ಅಡ್ವಾನ್ಸ್ ಒಟ್ಟಿಗೆ ಕೇಳಿದ್ದಾನೆ ಅಂದೆಯಲ್ಲ? ಇಲ್ಲಿನ ಕಾನೂನಿನಲ್ಲಿ ಅಡ್ವಾನ್ಸ್ ಮೂರು ತಿಂಗಳ ಬಾಡಿಗೆಗಿಂತ ಜಾಸ್ತಿ ಇರುವ ಹಾಗಿಲ್ಲ. ಹೀಟಿಂಗ್, ನೀರಿನ ಖರ್ಚು ಅದರಲ್ಲಿ ಸೇರಿಸಬಾರದು. ಅದನ್ನೂ ಮೂರು ಸಮ ಕಂತಿನಲ್ಲಿ ಕಟ್ಟುವ ಹಕ್ಕು ನಿನಗಿದೆ. ಓನರ್‌ಗೆ ಮರ್ಯಾದೆಯಿಂದ ಒಂದು ಮೇಲ್ ಹಾಕು. ಮೊದಲ ಕಂತನ್ನು ನಾನು ಇಲ್ಲಿಂದ ಇವತ್ತೇ ಹಾಕುತ್ತೇನೆ. ಹತ್ತು ಸೆಕೆಂಡಿನಲ್ಲಿ ಹೋಗುತ್ತದೆ. ತಮಾಷೆ ನೋಡಿ, ಯೂರೋ ದೇಶಗಳ ಬ್ಯಾಂಕುಗಳು ಈಗ ತಕ್ಷಣದ ಟ್ರಾನ್ಸ್‌ಫರ್‌ಗೆ ಜಾಸ್ತಿ ಚಾರ್ಜ್ ಮಾಡುವ ಹಾಗೇ ಇಲ್ಲ. ಒಳಗೆ ಸೇರಿದವನಿಗೆ ಹತ್ತು ಸೆಕೆಂಡು, ಒಳಗೆ ಸೇರಿಕೊಳ್ಳೋಕೆ ತಿಂಗಳು!

ಈಗ ಬ್ಯಾಂಕ್ ವಿಷಯ. ಪುಟ್ಟ ಮೊಬೈಲ್ ಆ್ಯಪ್ ಬ್ಯಾಂಕ್ ಒಂದಕ್ಕೆ ಅರ್ಜಿ ಹಾಕಿದ್ದ, ವಿಡಿಯೋ ಕಾಲ್‌ನಲ್ಲಿ ಪಾಸ್‌ಪೋರ್ಟ್ ನೋಡಿ ಆಗಲ್ಲ ಅಂದರಂತೆ. ಅದು ಅವನೊಬ್ಬನಿಗೆ ಆದದ್ದಲ್ಲ. ಎಷ್ಟೋ ಕಡೆ ವಿಡಿಯೋ ಪರಿಶೀಲನೆಯಲ್ಲಿ ಭಾರತದ ಪಾಸ್‌ಪೋರ್ಟ್ ತೆಗೆದುಕೊಳ್ಳುವುದೇ ಇಲ್ಲ. ಆ್ಯಪಿನಲ್ಲಿ ಪೋಸ್ಟ್‌ಇಡೆಂಟ್ ಅಂತ ಇನ್ನೊಂದು ದಾರಿ ಇದೆಯಾ ನೋಡು. ಕೂಪನ್ ಪ್ರಿಂಟ್ ಮಾಡಿಕೊಂಡು ಅಂಚೆ ಕಚೇರಿಗೆ ಹೋಗಿ, ಕೌಂಟರ್‌ನಲ್ಲಿ ಪಾಸ್‌ಪೋರ್ಟ್ ತೋರಿಸಿ ಬರುವುದು. ಅದೂ ಇಲ್ಲದಿದ್ದರೆ ಊರಿನ ಬ್ಯಾಂಕ್ ಶಾಖೆಗೇ ನಡೆದು ಹೋಗು. ಎದುರಿಗೆ ಮನುಷ್ಯ ಕೂತಿರುತ್ತಾನೆ, ಅರ್ಧ ಕೆಲಸ ಆದ ಹಾಗೆ. ತಿಂಗಳಿಗೆ ಕೆಲವು ಯೂರೋ ಚಾರ್ಜ್ ಇರಬಹುದು, ಇರಲಿ ಬಿಡು, ಆಮೇಲೆ ಬದಲಾಯಿಸಬಹುದು.

ಅಲ್ಲೂ ಆಗಲ್ಲ ಅಂದರೆ ಬಾಸಿಸ್‌ಕೊಂಟೊ ಅಂತ ಕೇಳು. ಬೇಸಿಕ್ ಅಕೌಂಟ್. 2016ರಿಂದ ಜರ್ಮನಿಯಲ್ಲಿ ಇದು ಹಕ್ಕು. ಕಾನೂನುಬದ್ಧವಾಗಿ ಇಲ್ಲಿರುವ ಯಾರಿಗಾದರೂ, ಸ್ವಂತ ವಿಳಾಸ ಇಲ್ಲದವನಿಗೂ, ಕೊಡಲೇಬೇಕು. ಅದಕ್ಕೆ ಅಂತಲೇ ಒಂದು ಫಾರ್ಮ್ ಇದೆ. ತುಂಬಿಸಿ ಕೊಟ್ಟರೆ ಹತ್ತು ಕೆಲಸದ ದಿನದೊಳಗೆ ಅಕೌಂಟ್ ಕೊಡಬೇಕು, ಇಲ್ಲವಾದರೆ ಯಾಕೆ ಕೊಡಲ್ಲ ಅಂತ ಬರೆದುಕೊಡಬೇಕು. ಆ ಕಾಗದ ಹಿಡಿದುಕೊಂಡು ಬಾಫಿನ್‌ಗೆ ದೂರು ಕೊಡಬಹುದು, ಅದು ಇಲ್ಲಿ ಬ್ಯಾಂಕುಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ. ಬಾಯಲ್ಲಿ "ಆಗಲ್ಲ" ಅಂದರೆ ಸುಮ್ನೆ ತಲೆ ಆಡಿಸಿ ಬರಬೇಡ. ಬರೆದುಕೊಡಿ ಅನ್ನು.

ಈಗ ಒಂದು ಮುಖ್ಯ ವಿಷಯ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಹೆಸರು. ನಮ್ಮ ಮನೆಯಲ್ಲಿ ಯಾರಿಗೆ ಸರ್‌ನೇಮ್ ಇದೆ? ಊರಿನ ಹೆಸರಿನ ಒಂದು ಇನಿಶಿಯಲ್, ಅಪ್ಪನ ಹೆಸರಿನದು ಒಂದು, ಆಮೇಲೆ ನಮ್ಮ ಹೆಸರು. ಪಾಸ್‌ಪೋರ್ಟ್ ಮಾಡಿಸುವಾಗ ಪುಟ್ಟನ ಸರ್‌ನೇಮ್ ಜಾಗದಲ್ಲಿ ಚಿಕ್ಕಪ್ಪನ ಹೆಸರು ಹಾಕಿಸಿದ್ದೀರಿ. ಆದ್ದರಿಂದ ಜರ್ಮನಿಯ ಲೆಕ್ಕದಲ್ಲಿ ಅವನು ಪುಟ್ಟ ಅಲ್ಲ, "ಶ್ರೀಮಾನ್ ಚಿಕ್ಕಪ್ಪ"! ಬ್ಯಾಂಕಿನ ಕಾಗದ ಎಲ್ಲ ಆ ಹೆಸರಿಗೇ ಬರುತ್ತದೆ. ಇಲ್ಲಿನ ಅಪಾರ್ಟ್‌ಮೆಂಟುಗಳಲ್ಲಿ ಸಾಮಾನ್ಯವಾಗಿ ಮನೆ ನಂಬರ್ ಇರುವುದಿಲ್ಲ. ಕೆಳಗೆ ಬಾಗಿಲ ಹತ್ತಿರ ಸಾಲಾಗಿ ಟಪಾಲು ಡಬ್ಬಿ, ಒಂದೊಂದರ ಮೇಲೂ ಬೆರಳಗಲದ ಚೀಟಿಯಲ್ಲಿ ಹೆಸರು. ಪೋಸ್ಟ್‌ಮ್ಯಾನ್ ಆ ಚೀಟಿ ನೋಡಿ ಹಾಕುತ್ತಾನೆ. ಹೆಸರು ಇಲ್ಲದಿದ್ದರೆ ಕಾಗದ ವಾಪಸ್. ಇಲ್ಲಿ ಕಾರ್ಡ್ ಒಂದು ಲಕೋಟೆಯಲ್ಲಿ ಬರುತ್ತದೆ, ಪಿನ್ ಬೇರೆ ದಿನ ಬೇರೆ ಲಕೋಟೆಯಲ್ಲಿ. ನನ್ನ ಜೊತೆ ಇದ್ದ ಹಾವೇರಿಯ ಹುಡುಗನಿಗೆ ಕಾರ್ಡ್ ಬಂತು, ಪಿನ್ ವಾಪಸ್ ಹೋಯಿತು. ಡಬ್ಬಿಯ ಮೇಲಿದ್ದ ಹಳೇ ಚೀಟಿಯ ಮೇಲೆ ಇವನ ಹೆಸರು ಪೆನ್ಸಿಲ್‌ನಲ್ಲಿ ಬರೆದದ್ದು, ಮಳೆಗೆ ಅಳಿಸಿಹೋಗಿತ್ತು.

ಪುಟ್ಟ, ಈಗಲೇ ಕೆಳಗೆ ಹೋಗು. ನಿನ್ನ ಹೆಸರು, ಅಪ್ಪನ ಹೆಸರು ಎರಡನ್ನೂ ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೆಯೇ ದಪ್ಪಗೆ ಬರೆದು, ಮೇಲೆ ಟೇಪ್ ಅಂಟಿಸಿ ಬಾ. ಬೆಲ್ ಮೇಲೂ ಹಾಕು. ಚಿಕ್ಕಪ್ಪ, ಪಾಸ್‌ಪೋರ್ಟ್ ಇಲ್ಲದೆ ನಿಮ್ಮ ಹೆಸರು ಜರ್ಮನಿ ಸೇರಿತು, ಖುಷಿಪಡಿ.

ಹೆಸರಿನದು ಇನ್ನೂ ಮುಗಿದಿಲ್ಲ. 2025ರ ಅಕ್ಟೋಬರ್ 9ರಿಂದ ಯೂರೋ ದೇಶಗಳಲ್ಲಿ ದುಡ್ಡು ಕಳಿಸುವ ಮೊದಲು ಅಕೌಂಟ್ ನಂಬರಿಗೂ ಹೆಸರಿಗೂ ತಾಳೆ ಆಗುತ್ತದೆಯಾ ಅಂತ ಬ್ಯಾಂಕ್ ನೋಡಲೇಬೇಕು. ಮೋಸ ತಡೆಯೋಕೆ ಮಾಡಿದ್ದು, ಒಳ್ಳೆಯದೇ. ಆದರೆ ನಮ್ಮಂಥ ಇನಿಶಿಯಲ್ ಜನಕ್ಕೆ ಕಷ್ಟ. ಬ್ಲಾಕ್ಡ್ ಅಕೌಂಟಿನಲ್ಲಿ ಒಂದು ರೀತಿ, ಹೊಸ ಅಕೌಂಟಿನಲ್ಲಿ ಇನ್ನೊಂದು ರೀತಿ, ಪಾರ್ಟ್‌ಟೈಮ್ ಕೆಲಸದ ಕಾಂಟ್ರಾಕ್ಟಿನಲ್ಲಿ ಬರೀ ಇನಿಶಿಯಲ್ ಇದ್ದರೆ, ಕಳಿಸುವವರಿಗೆ ಹೆಸರು ಹೊಂದುತ್ತಿಲ್ಲ ಅಂತ ಕಾಣಿಸುತ್ತದೆ. ಆಮೇಲೂ ಕಳಿಸಬಹುದು, ಆದರೆ ಅಷ್ಟು ನೋಡಿದ ಮೇಲೆ ಆಫೀಸಿನವರು ಯಾಕೆ ಕಳಿಸುತ್ತಾರೆ ಹೇಳಿ. ಎಲ್ಲ ಕಡೆ ಪಾಸ್‌ಪೋರ್ಟಿನ ಹೆಸರೇ ಇರಲಿ, ಒಂದಕ್ಷರ ಆಚೀಚೆ ಆಗದ ಹಾಗೆ.

ಬೇಕರಿಯ ಕಥೆ ಇಷ್ಟೇ. ಇಲ್ಲಿ ಎಷ್ಟೋ ಸಣ್ಣ ಅಂಗಡಿಗಳು ನಗದು ಮಾತ್ರ, ಇಲ್ಲವೇ ಗಿರೋಕಾರ್ಡ್, ಅಂದರೆ ಇಲ್ಲಿನ ಬ್ಯಾಂಕುಗಳದೇ ಡೆಬಿಟ್ ಕಾರ್ಡ್, ಮಾತ್ರ ತೆಗೆದುಕೊಳ್ಳುತ್ತವೆ. ಜರ್ಮನಿಯ ಕೇಂದ್ರ ಬ್ಯಾಂಕ್ 2023ರಲ್ಲಿ ಸರ್ವೆ ಮಾಡಿದಾಗಲೂ ನೂರು ವ್ಯಾಪಾರದಲ್ಲಿ 51 ನಗದಿನಲ್ಲೇ ನಡೆದಿತ್ತು. ನಮ್ಮಲ್ಲಿ ಕೊತ್ತಂಬರಿ ಸೊಪ್ಪು ಮಾರುವ ಅಜ್ಜಿ ಹತ್ತಿರವೂ ಕ್ಯೂಆರ್ ಇರುತ್ತದೆ, ಇಲ್ಲಿ ಜೇಬಿನಲ್ಲಿ ಐವತ್ತು ಯೂರೋ ಇಟ್ಟುಕೊಂಡೇ ಓಡಾಡಬೇಕು. ಆ ಗಿರೋಕಾರ್ಡ್ ಬಂದ ಮೇಲೆ ಇನ್ನೊಂದು ತಮಾಷೆ. ಬರೀ ಗಿರೋಕಾರ್ಡ್ ಆದರೆ ಅದರಲ್ಲಿ ನಮಗೆ ಗೊತ್ತಿರುವ 16 ಅಂಕಿಯ ನಂಬರ್ ಇರುವುದಿಲ್ಲ, ಆನ್‌ಲೈನ್‌ನಲ್ಲಿ ಹೊಡೆಯೋಕೆ ಆಗಲ್ಲ. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಡೆಬಿಟ್ ಕೂಡ ಕೊಡುತ್ತೀರಾ ಅಂತ ಬ್ಯಾಂಕಿನಲ್ಲಿ ಮೊದಲೇ ಕೇಳು. ಇನ್ನು ಫಾರಿನ್ ಕಾರ್ಡ್ ಹಾಕಿದಾಗ ಮಷೀನು ರೂಪಾಯಿನಾ ಯೂರೋನಾ ಅಂತ ಕೇಳಿದರೆ ಯೂರೋ ಒತ್ತು. ರೂಪಾಯಿ ನೋಡಿದ ಕೂಡಲೇ ನಮ್ಮದು ಅನಿಸುತ್ತದೆ, ಆದರೆ ರೇಟು ಆ ಮಷೀನಿನವರದ್ದು, ನಷ್ಟ ನಮಗೆ.

ಮಾವ, ನೀವು ಫಾರ್ವರ್ಡ್ ಮಾಡಿದ ಸುದ್ದಿ ಸುಳ್ಳಲ್ಲ. 2024ರ ಫೆಬ್ರವರಿಯಿಂದ ಐಫೆಲ್ ಟವರ್ ಟಿಕೆಟಿಗೆ ಯುಪಿಐ ನಡೆಯುತ್ತದೆ. ಆದರೆ ಅದು ಪ್ಯಾರಿಸ್. ಮ್ಯಾಗ್ಡೆಬರ್ಗ್‌ನ ಅಂಗಡಿಯವನಿಗೆ ಯುಪಿಐ ಅಂದರೆ ಏನು ಅಂತಲೂ ಗೊತ್ತಿಲ್ಲ. ಫಾರಿನ್ ನಂಬರಿನಲ್ಲಿ ಯುಪಿಐ ಬಳಸಬಹುದು ಅಂತ 2023ರ ಜನವರಿಯಲ್ಲಿ ಹತ್ತು ದೇಶಗಳ ಪಟ್ಟಿ ಕೊಟ್ಟರಲ್ಲ, ಅಮೆರಿಕ, ದುಬೈ ಕಡೆ ಎಲ್ಲ ಇತ್ತು, ಜರ್ಮನಿ ಅದರಲ್ಲಿ ಇರಲಿಲ್ಲ.

ಚಿಕ್ಕಮ್ಮ, ಓಟಿಪಿ ವಿಷಯ ನಿಮಗೇ ಹೇಳಬೇಕು. ಪುಟ್ಟನ ಹಳೇ ಸಿಮ್ ನಿಮ್ಮ ಫೋನಿನಲ್ಲಿದೆ, ಅವನು ಕೇಳಿದಾಗೆಲ್ಲ ನೀವು ಓದಿ ಹೇಳುತ್ತೀರಿ, ರಾತ್ರಿ ಒಂದು ಗಂಟೆಗೆ ಎದ್ದು ಹೇಳಿದ್ದೀರಿ ಅಂತಲೂ ಗೊತ್ತಾಯಿತು. ಇದು ನನಗೆ ಇಷ್ಟವಾಗಲಿಲ್ಲ. ಫೋನಿನಲ್ಲಿ "ಅಮ್ಮಾ, ಓಟಿಪಿ" ಅಂದ ಕೂಡಲೇ ಹೇಳಿಬಿಡುವ ಅಭ್ಯಾಸ ಆದರೆ ನಾಳೆ ಬೇರೆ ಯಾರೋ ಅದೇ ದನಿಯಲ್ಲಿ ಕೇಳಿದರೆ? ಮೇಲಾಗಿ ಸಿಮ್ ಇರುವ ಫೋನಿನಲ್ಲೇ ಯುಪಿಐ ರಿಜಿಸ್ಟರ್ ಆಗುವುದು, ಅವನ ಫೋನಿನಲ್ಲಿ ಆಗಲ್ಲ. ಬರುವ ತಿಂಗಳು ಆ ಸಿಮ್ಮನ್ನು ಅವನಿಗೇ ತಲುಪಿಸಿ, ಕೊಡುವ ಮೊದಲು ರೋಮಿಂಗ್ ಆನ್ ಮಾಡಿಸಿ. ಅವನದು ಡ್ಯುಯಲ್ ಸಿಮ್ ಫೋನು. ಮೆಸೇಜ್ ಬರೋಕೆ ಸಾಮಾನ್ಯವಾಗಿ ದುಡ್ಡಿಲ್ಲ. ರೀಚಾರ್ಜ್ ಮಾತ್ರ ತಪ್ಪಿಸಬೇಡಿ. ನಂಬರ್ ಸತ್ತರೆ ಬ್ಯಾಂಕ್, ಆಧಾರ್ ಎರಡೂ ಕೈಕೊಡುತ್ತವೆ. ಚಿಕ್ಕಪ್ಪ, ಊರಿನ ಬ್ಯಾಂಕಿಗೆ ಹೇಗೂ ಹೋಗುತ್ತೀರಲ್ಲ, ಅವನ ಸೇವಿಂಗ್ಸ್ ಅಕೌಂಟನ್ನು ಎನ್‌ಆರ್‌ಓ, ಅಂದರೆ ವಿದೇಶದಲ್ಲಿ ಇರುವವರ ಅಕೌಂಟ್, ಮಾಡಿಸಬೇಕು, ಫಾರ್ಮ್ ಏನು ಅಂತ ವಿಚಾರಿಸಿ ಬನ್ನಿ. ಓದೋಕೆ ಹೋದವರಿಗೂ ಅದು ಅನ್ವಯ ಆಗುತ್ತದೆ.

ಕೊನೆಯದು, ಪುಟ್ಟ, ಇದನ್ನು ಎರಡು ಸಲ ಕೇಳಿಸಿಕೋ. ಸ್ಟೂಡೆಂಟ್ ಗ್ರೂಪಿನಲ್ಲಿ ಯಾರೋ "ನಿಮ್ಮ ಅಪ್ಪ ನನ್ನ ಅಕೌಂಟಿಗೆ ರೂಪಾಯಿ ಹಾಕಲಿ, ನಾನು ನಿನಗೆ ಇಲ್ಲಿ ಯೂರೋ ಕೊಡ್ತೀನಿ, ರೇಟು ಚೆನ್ನಾಗಿದೆ" ಅಂದಿದ್ದಾನಂತೆ. ಬೇಡ. ಆ ಯೂರೋ ಎಲ್ಲಿಂದ ಬಂತು ಅಂತ ನಿನಗೆ ಗೊತ್ತಿಲ್ಲ. ಯಾರಿಗೋ ಮೋಸ ಮಾಡಿದ ದುಡ್ಡಾಗಿದ್ದರೆ ಪೊಲೀಸರು ಬರುವುದು ಅಕೌಂಟ್ ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ. ಹೊಸ ಅಕೌಂಟ್ ಫ್ರೀಜ್ ಆಗುತ್ತದೆ, ವೀಸಾಕ್ಕೂ ತೊಂದರೆ. ಅಲ್ಲಿ ಚಿಕ್ಕಪ್ಪನಿಗೂ ಫೆಮಾ, ಅಂದರೆ ನಮ್ಮ ವಿದೇಶಿ ಹಣದ ಕಾನೂನಿನ, ಕಾಟ. ನಿನ್ನ ಅಕೌಂಟನ್ನು ಬಳಸಿಕೊಳ್ಳುತ್ತೇನೆ, ಕಮಿಷನ್ ಕೊಡುತ್ತೇನೆ ಅಂದವನಿಗೂ ಇದೇ ಉತ್ತರ.

ಸರಿ, ನನ್ನ ಸ್ಟಾಪ್ ಬಂತು. ಪುಟ್ಟ, ಓನರ್‌ನ ಅಕೌಂಟ್ ನಂಬರ್, ಅವನ ಪೂರ್ತಿ ಹೆಸರು ನನಗೆ ಪರ್ಸನಲ್ ಆಗಿ ಕಳಿಸು, ಮೊದಲ ಕಂತು ಹಾಕುತ್ತೇನೆ. ಬ್ಯಾಂಕಿನಿಂದ ಏನೇ ಕಾಗದ ಬಂದರೂ ಫೋಟೋ ತೆಗೆದು ಹಾಕು, ಜರ್ಮನ್ ನಾನು ಓದಿ ಹೇಳುತ್ತೇನೆ. ಪಿನ್ ಇರುವ ಕಾಗದದ ಫೋಟೋ ಮಾತ್ರ ಯಾರಿಗೂ ಬೇಡ, ನನಗೂ ಬೇಡ, ಈ ಗ್ರೂಪಿಗಂತೂ ಬೇಡವೇ ಬೇಡ. ಇಲ್ಲಿ ನಲವತ್ತು ಜನ ಇದ್ದೀವಿ, ಅದರಲ್ಲಿ ಮಾವ ಎಲ್ಲವನ್ನೂ ಫಾರ್ವರ್ಡ್ ಮಾಡುತ್ತಾರೆ.