ಭುಜದ ನೋವಿಗೆ ಬ್ಯಾಂಡ್ ವ್ಯಾಯಾಮ: ಹತ್ತು ದಿನಕ್ಕೆ ನೋವು ಹೆಚ್ಚಾಗಿದೆ, ನಿಲ್ಲಿಸಬೇಕಾ?

ಬಲಗೈ_ಬಂಟ:
ವಯಸ್ಸು 46. ಬಲ ಭುಜದ ಹೊರಬದಿಯಲ್ಲಿ ಎರಡು ತಿಂಗಳಿಂದ ನೋವು. ಬಿದ್ದಿಲ್ಲ, ಪೆಟ್ಟಾಗಿಲ್ಲ. ಕೈಯನ್ನು ಪಕ್ಕದಿಂದ ಎತ್ತುವಾಗ ಸುಮಾರು 70ರಿಂದ 120 ಡಿಗ್ರಿ ತನಕ ಚುಚ್ಚುತ್ತೆ, ಅದು ದಾಟಿದರೆ ಸರಾಗ. ಆ ಮಗ್ಗುಲಲ್ಲಿ ಮಲಗೋಕಾಗಲ್ಲ. ರೊಟೇಟರ್ ಕಫ್ (ಭುಜದ ಕೀಲನ್ನು ಸುತ್ತಿ ಹಿಡಿದಿರುವ ಸ್ನಾಯುಗಳು) ತೊಂದರೆ ಅಂತ ಬ್ಯಾಂಡ್ (ಎಳೆಯುವ ರಬ್ಬರ್ ಪಟ್ಟಿ) ವ್ಯಾಯಾಮ ಹೇಳಿದ್ದಾರೆ: ಮುಂಗೈ ಹೊರಕ್ಕೆ ತಿರುಗಿಸುವುದು, ಒಳಕ್ಕೆ ತಿರುಗಿಸುವುದು, ಕೈಯನ್ನು ಪಕ್ಕದಿಂದ ಎತ್ತುವುದು. ದಿನಾ ಮೂರೂ, 20ರ ಹಾಗೆ 3 ಸೆಟ್. ಹತ್ತು ದಿನಕ್ಕೆ ರಾತ್ರಿ ನೋವು ಜಾಸ್ತಿಯಾಗಿದೆ. ನಿಲ್ಲಿಸಬೇಕಾ? ಬ್ಯಾಂಡ್ ಬದಲು ಡಂಬೆಲ್ ಹಿಡಿದರೆ? ಎಂಆರ್‌ಐ ಬೇಕಾ?

ಹಿಡಿಗಂಟು:
ನಿಲ್ಲಿಸಬೇಡಿ, ಇಳಿಸಿ. ಲೆಕ್ಕ ಹಾಕಿ: ದಿನಕ್ಕೆ 180 ಸಲ, ವಾರಕ್ಕೆ 1,260. ಮೊದಲೇ ಕೆರಳಿರುವ ಟೆಂಡನ್‌ಗೆ (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು) ಒಂದು ದಿನವೂ ಬಿಡುವಿಲ್ಲ. ನೋವು ಹೆಚ್ಚಾಗದಿದ್ದರೇ ಆಶ್ಚರ್ಯ.

ಅದಕ್ಕೂ ಮೊದಲು ಒಂದು ಪರೀಕ್ಷೆ. ಮೊಣಕೈ ಪಕ್ಕೆಗೆ ತಾಗಿಸಿ 90 ಡಿಗ್ರಿ ಮಡಚಿ, ಕೈ ಸಡಿಲ ಬಿಡಿ. ಇನ್ನೊಬ್ಬರು ನಿಮ್ಮ ಮುಂಗೈಯನ್ನು ನಿಧಾನಕ್ಕೆ ಹೊರಕ್ಕೆ ತಿರುಗಿಸಲಿ. ಎಡಗೈಯಲ್ಲೂ ಹಾಗೇ ನೋಡಿ. ಬಲಗೈ ಎಡಗೈಯ ಅರ್ಧದಷ್ಟೂ ತಿರುಗದೆ ಗಟ್ಟಿಯಾಗಿ ನಿಂತರೆ ಅದು ಫ್ರೋಜನ್ ಶೋಲ್ಡರ್ (ಭುಜದ ಕೀಲು ಬಿಗಿದುಕೊಳ್ಳುವ ತೊಂದರೆ) ಇರಬಹುದು, ಕೀಲು ಸವೆತವೂ ಇರಬಹುದು. ಸಕ್ಕರೆ ಕಾಯಿಲೆ ಇರುವವರಲ್ಲಿ ಫ್ರೋಜನ್ ಶೋಲ್ಡರ್ ಹೆಚ್ಚು. ಆಗ ದಾರಿಯೇ ಬೇರೆ, ಬ್ಯಾಂಡ್ ಪಕ್ಕಕ್ಕಿಟ್ಟು ವೈದ್ಯರಿಗೆ ತೋರಿಸಿ. ಎರಡೂ ಕಡೆ ಸಮ ತಿರುಗಿದರೆ ಮುಂದೆ ಓದಿ.

ಮೊದಲ ವಾರ ಅಲುಗಾಡದ ಒತ್ತು ಸಾಕು. ಗೋಡೆಯ ಪಕ್ಕ ನಿಂತು, ಮೊಣಕೈ ಮಡಚಿ, ಅಂಗೈಯ ಹಿಂಬದಿಯನ್ನು ಗೋಡೆಗೆ ತಾಗಿಸಿ ಹೊರಕ್ಕೆ ಒತ್ತಿ. ಅರ್ಧ ಬಲ, 30 ಸೆಕೆಂಡ್, 5 ಸಲ, ದಿನಕ್ಕೆ ಎರಡು ಹೊತ್ತು. ಪಕ್ಕದಿಂದ ಎತ್ತುವ ವ್ಯಾಯಾಮವನ್ನು ಸದ್ಯಕ್ಕೆ ಬಿಟ್ಟೇಬಿಡಿ, ಮೂರರಲ್ಲಿ ಹೆಚ್ಚು ಕೆರಳಿಸುತ್ತಿರುವುದು ಅದೇ ಇರಬೇಕು. ಎರಡನೇ ವಾರದಿಂದ ತಿರುಗಿಸುವ ವ್ಯಾಯಾಮ, ದಿನ ಬಿಟ್ಟು ದಿನ, 10ರ ಹಾಗೆ 3 ಸೆಟ್.

ಅಳತೆಗೋಲು ಮಾರನೆಯ ಬೆಳಗು. ಮಾಡುವಾಗ ಹತ್ತಕ್ಕೆ ಮೂರು ನಾಲ್ಕರಷ್ಟು ನೋವು ಬಂದರೆ ಪರವಾಗಿಲ್ಲ. ಬೆಳಗ್ಗೆ ಎದ್ದಾಗ ಅದು ಎಂದಿನ ಮಟ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ಮುಂದಿನ ಸಲ ಮೂರರಲ್ಲಿ ಒಂದು ಸೆಟ್ ಬಿಡಿ. ಭಾರ, ಸಲ, ಸೆಟ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೈಕೊಟ್ಟಿತು ಅಂತ ತಿಳಿಯೋದೇ ಇಲ್ಲ.

ತೂಕದ_ಬಟ್ಟು:
ಒಂದು ತಿದ್ದುಪಡಿ. ಅಲುಗಾಡದ ಒತ್ತು ಕೆಲವರಿಗೆ ನೋವು ತಗ್ಗಿಸುತ್ತೆ, ಕೆಲವರಿಗೆ ಏನೂ ಮಾಡಲ್ಲ. ಮೂರು ನಾಲ್ಕು ದಿನದಲ್ಲಿ ವ್ಯತ್ಯಾಸ ಕಾಣದಿದ್ದರೆ ವಾರ ಕಾಯಬೇಡಿ, ಹಗುರ ಭಾರದೊಂದಿಗೆ ಚಲನೆ ಶುರು ಮಾಡಿ.

ಇನ್ನು ಡಂಬೆಲ್. ನಿಂತುಕೊಂಡು ಡಂಬೆಲ್ ಹಿಡಿದು ಮುಂಗೈಯನ್ನು ಹೊರಕ್ಕೂ ಒಳಕ್ಕೂ ಬೀಸುವವರನ್ನು ಜಿಮ್‌ಗಳಲ್ಲಿ ಧಾರಾಳ ನೋಡಬಹುದು. ಅದರಿಂದ ಕಫ್‌ಗೆ ಕೆಲಸವೇ ಇಲ್ಲ. ಭಾರ ಎಳೆಯುವುದು ನೆಲದ ಕಡೆಗೆ, ಅದನ್ನು ತಡೆದು ಹಿಡಿಯುವುದು ತೋಳಿನ ಮುಂಭಾಗದ ಸ್ನಾಯು ಬೈಸೆಪ್ಸ್. ಡಂಬೆಲ್ ಬೇಕೆಂದರೆ ಮಲಗಬೇಕು: ನೋವಿಲ್ಲದ ಮಗ್ಗುಲಲ್ಲಿ ಮಲಗಿ, ನೋವಿನ ಕೈಯ ಮೊಣಕೈಗೂ ಪಕ್ಕೆಗೂ ನಡುವೆ ಸುತ್ತಿದ ಟವೆಲ್ ಇಟ್ಟು, ಹೊಟ್ಟೆಯ ಹತ್ತಿರದಿಂದ ಮುಂಗೈಯನ್ನು ಮೇಲಕ್ಕೆ ತಿರುಗಿಸಿ. ಮುಂಗೈ ನೆಲಕ್ಕೆ ಸಮಾನಾಂತರವಾದಾಗ ಭಾರ ಅತಿ ಹೆಚ್ಚು, ಅದರಾಚೆ ಕಮ್ಮಿಯಾಗುತ್ತಾ ಹೋಗುತ್ತೆ. ಬ್ಯಾಂಡ್ ಇದಕ್ಕೆ ತದ್ವಿರುದ್ಧ. ಎಳೆದಷ್ಟೂ ಬಿಗಿ, ಹಾಗಾಗಿ ಕೈ ಪೂರ್ತಿ ಹೊರಕ್ಕೆ ತಿರುಗಿ ಸ್ನಾಯು ದುರ್ಬಲವಾಗಿರುವ ಕೊನೆಯಲ್ಲೇ ಅದು ಹೆಚ್ಚು ಜಗ್ಗುತ್ತೆ. ನೋವು ಆ ಕೊನೆಯಲ್ಲೇ ಬರುತ್ತಿದ್ದರೆ ಮಲಗಿ ಮಾಡುವುದೇ ಮೇಲು.

ಅರ್ಧ ಲೀಟರ್ ನೀರಿನ ಬಾಟಲಿಯೇ ಅರ್ಧ ಕಿಲೋ, ಶುರುವಿಗೆ ಅಷ್ಟು ಸಾಕು. ಎತ್ತಲು 2 ಸೆಕೆಂಡ್, ಇಳಿಸಲು 4. 15ರ ಹಾಗೆ 3 ಸೆಟ್ ಮುಗಿಸಿದ ಮೇಲೂ ಇನ್ನೆರಡು ಸಲ ಎತ್ತಬಹುದು ಅನ್ನಿಸಿದರೆ, ಅದೂ ಸತತ ಎರಡು ಸರದಿಯಲ್ಲಿ, ಇನ್ನೊಂದು ಅರ್ಧ ಕಿಲೋ ಸೇರಿಸಿ 8ಕ್ಕೆ ಇಳಿಯಿರಿ.

ಬ್ಯಾಂಡೇ ಬೇಕೆಂದರೆ ಅದನ್ನು ಮೊಣಕೈ ಎತ್ತರಕ್ಕೆ ಕಟ್ಟಿ. ಬ್ಯಾಂಡಿನ ಜೋಲು ಇಲ್ಲವಾಗುವಷ್ಟು ದೂರ ನಿಂತರೆ ಸಾಕು. ಹೆಚ್ಚು ದೂರ ನಿಂತರೆ ಮೊದಲ ಇಂಚಿನಿಂದಲೇ ಬಿಗಿ. ಇಲ್ಲೂ ಮೊಣಕೈ ಪಕ್ಕೆಗಳ ನಡುವೆ ಟವೆಲ್ ಇಡಿ, ಅದು ಜಾರಿ ಬಿದ್ದರೆ ಮೊಣಕೈ ಪಕ್ಕೆ ಬಿಟ್ಟಿದೆ ಅಂತ. ಹಾಗಂತ ಅದನ್ನು ಅಮುಕಿ ಹಿಡಿಯಬೇಡಿ, ಅಮುಕಿದರೆ ಎದೆಯ ಸ್ನಾಯು ನಡುವೆ ತಲೆ ಹಾಕುತ್ತೆ. ಮರಳುವಾಗ ಬ್ಯಾಂಡ್ ಫಟ್ ಅಂತ ಕೈಯನ್ನು ಎಳೆದುಕೊಂಡು ಹೋಗಲು ಬಿಟ್ಟರೆ ಅರ್ಧ ವ್ಯಾಯಾಮ ವ್ಯರ್ಥ.

ಹೆಗಲೆಲುಬು:
ಮೇಲೆತ್ತುವುದನ್ನು ಕಾಯಂ ಬಿಡುವ ಹಾಗಿಲ್ಲ, ಕೊನೆಗೆ ಬೇಕಾಗಿರುವುದು ಅದೇ ತಾನೆ. ಮೂರನೇ ವಾರದ ಹೊತ್ತಿಗೆ ವಾಪಸ್ ತನ್ನಿ, ಆದರೆ ನೇರ ಪಕ್ಕದಿಂದ ಬೇಡ. ಕೈಯನ್ನು 30-40 ಡಿಗ್ರಿ ಮುಂದಕ್ಕೆ ತಂದು, ಹೆಬ್ಬೆರಳು ಮೇಲಿಟ್ಟು ಎತ್ತಿ. ಹೆಗಲ ಮೂಳೆ ಕೂತಿರುವುದೇ ಆ ಓರೆಯಲ್ಲಿ. ಬರಿಗೈಯಲ್ಲೂ ಚುಚ್ಚಿದರೆ ಮೊಣಕೈ ಮಡಚಿ ಎತ್ತಿ, ಸನ್ನೆಗೋಲಿನಂತಿರುವ ಕೈಯ ಉದ್ದ ಕಮ್ಮಿಯಾಗಿ ಭುಜದ ಮೇಲಿನ ಹೊರೆ ಇಳಿಯುತ್ತೆ. ಅದೂ ಆಗದಿದ್ದರೆ ಮುಂಗೈಗಳನ್ನು ಗೋಡೆಗೆ ತಾಗಿಸಿ ಮೇಲಕ್ಕೆ ಜಾರಿಸಿ. ಎತ್ತುವಾಗ ಹೆಗಲು ಕಿವಿಯ ಕಡೆ ಏರುತ್ತಿದ್ದರೆ ಭಾರ ಹೆಚ್ಚಾಗಿದೆ ಅಂತಲೇ ಅರ್ಥ. "ಹೆಗಲು ಕೆಳಗೆ ಒತ್ತಿಡಿ" ಅಂತ ಹೇಳಿಕೊಡುವವರಿದ್ದಾರೆ, ಅದು ತಪ್ಪು. ಕೈ ಮೇಲೇರುವಾಗ ಹೆಗಲ ಮೂಳೆಯೂ ಮೇಲಕ್ಕೆ ತಿರುಗಲೇಬೇಕು.

ಎಂಆರ್‌ಐ ಈಗ ಬೇಡ ಅನ್ನುತ್ತೇನೆ. ವಯಸ್ಸಾದಂತೆ ನೋವೇ ಇಲ್ಲದವರ ಭುಜದಲ್ಲೂ ಟೆಂಡನ್ ಹರಿದಿರುವುದು ಕಾಣುತ್ತೆ. ಚಿತ್ರದಲ್ಲಿ ಕಂಡದ್ದೇ ನೋವಿನ ಮೂಲ ಅನ್ನುವಂತಿಲ್ಲ. ಮೂಳೆಯ ಅಂಚು ತರಿದು ಜಾಗ ಮಾಡುವ ಶಸ್ತ್ರಚಿಕಿತ್ಸೆಯನ್ನು ಏನನ್ನೂ ತರಿಯದ ಹುಸಿ ಶಸ್ತ್ರಚಿಕಿತ್ಸೆಯ ಜೊತೆ ಹೋಲಿಸಿದ ಬ್ರಿಟನ್ನಿನ ಅಧ್ಯಯನ 2018ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಎರಡರ ನಡುವೆ ರೋಗಿಗೆ ಲೆಕ್ಕಕ್ಕೆ ಬರುವಷ್ಟು ಅಂತರ ಸಿಗಲಿಲ್ಲ. ರೊಟೇಟರ್ ಕಫ್ ವ್ಯಾಯಾಮದ ಬಗ್ಗೆ ನಡೆದ 2021ರ ಗ್ರಾಸ್ಪ್ ಅಧ್ಯಯನದಲ್ಲಿ 708 ಜನ ಇದ್ದರು. ಆರು ಸಲದವರೆಗೆ ಫಿಸಿಯೋ ಬಳಿ ಹೋದವರಿಗೂ, ಒಂದೇ ಸಲ ಹೋಗಿ ಚೆನ್ನಾಗಿ ಹೇಳಿಸಿಕೊಂಡು ಮನೆಯಲ್ಲಿ ಮಾಡಿದವರಿಗೂ ಒಂದು ವರ್ಷದಲ್ಲಿ ವ್ಯತ್ಯಾಸ ಕಾಣಲಿಲ್ಲ.

ಆದರೆ ಬಿದ್ದ ಮೇಲೆ ಕೈ ಎತ್ತಲು ಬಾರದಿದ್ದರೆ, ಜ್ವರ ಅಥವಾ ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಬೆರಳ ತನಕ ಜೋಮು ಹಿಡಿಯುತ್ತಿದ್ದರೆ ವ್ಯಾಯಾಮ ಬಿಟ್ಟು ವೈದ್ಯರನ್ನು ನೋಡಿ. ಭುಜದ ಜೊತೆ ಎದೆ ಬಿಗಿತ, ಬೆವರು ಬಂದರೆ ತಡಮಾಡದೆ ತುರ್ತು ಚಿಕಿತ್ಸೆಗೆ ಹೋಗಿ.

ಬಲಗೈ_ಬಂಟ:
ತಿರುಗಿಸಿ ನೋಡಿದೆ, ಎರಡೂ ಕಡೆ ಸಮ. ರಾತ್ರಿ ಹೇಗೆ ಮಲಗಬೇಕು? ಎಷ್ಟು ದಿನ ಹಿಡಿಯಬಹುದು?

ಹಿಡಿಗಂಟು:
ಎಡ ಮಗ್ಗುಲಲ್ಲಿ ಮಲಗಿ, ಎದೆಯ ಮುಂದೆ ದಿಂಬಿಟ್ಟು ಬಲಗೈ ಅದರ ಮೇಲಿರಲಿ, ಎದೆ ದಾಟಿ ಜೋತು ಬೀಳಬಾರದು. ಅಂಗಾತ ಮಲಗುವುದಾದರೆ ಮೊಣಕೈ ಕೆಳಗೆ ಮಡಚಿದ ಟವೆಲ್ ಇಡಿ, ಇಲ್ಲದಿದ್ದರೆ ತೋಳು ಹಿಂದಕ್ಕೆ ಬಿದ್ದು ಭುಜದ ಮುಂಭಾಗ ಎಳೆಯುತ್ತೆ.

12 ವಾರ ಅಂತ ಇಟ್ಟುಕೊಳ್ಳಿ. ಸಾಮಾನ್ಯವಾಗಿ ಮೊದಲು ಇಳಿಯುವುದು ರಾತ್ರಿ ನೋವು, ಎತ್ತುವಾಗಿನ ಚುಚ್ಚು ಆಮೇಲೆ. ಆರು ವಾರಕ್ಕೂ ಏನೂ ಬದಲಾಗದಿದ್ದರೆ ಮತ್ತೆ ತೋರಿಸಿ. ಅಲ್ಲಿಯತನಕ "ಈಗ ನೋವಿದೆಯಾ" ಅಂತ ಗಂಟೆಗೊಮ್ಮೆ ಕೈ ಎತ್ತಿ ನೋಡುವ ಚಾಳಿ ಬಿಡಿ, ಅದೂ ದಿನದ ಲೆಕ್ಕಕ್ಕೇ ಸೇರುತ್ತೆ.