ಅಪ್‌ಡೇಟ್: ಸಾಮಾನಿಗೆ ದುಡ್ಡು ಸಿಕ್ಕಿತು, ಕಟ್ಟಡ ಇನ್ನೂ ಬಾಕಿ

ಮಳೆಗಾಲಕ್ಕೆ ಮುಂಚೆ ಕೇಳಿದ್ದೆ, ನೆನಪಿದೆಯಾ? ಸಕಲೇಶಪುರದ ಹತ್ತಿರ ನಮ್ಮ ಟ್ರಸ್ಟ್ ನಡೆಸುವ ವಿಶೇಷ ಮಕ್ಕಳ ಕೇಂದ್ರಕ್ಕೆ ಎರಡು ಕೋಣೆ, ಫಿಸಿಯೋಥೆರಪಿ ಸಾಮಾನು ಬೇಕು, ಯಾವುದಾದರೂ ಫೌಂಡೇಶನ್ ಸಹಾಯ ಮಾಡುತ್ತದಾ ಅಂತ.

ಸಾಮಾನಿಗೆ ಸಿಕ್ಕಿತು! ಒಂದು ಕಂಪನಿಯ ಫೌಂಡೇಶನ್ ಒಪ್ಪಿದೆ. ಆದರೆ ಅಷ್ಟರಲ್ಲಿ ಸುಸ್ತಾದೆವು. ಆಗ ನಿಮ್ಮಲ್ಲಿ ಕೆಲವರು 12ಎ (ಟ್ರಸ್ಟ್‌ಗೆ ಆದಾಯ ತೆರಿಗೆ ವಿನಾಯಿತಿ ಕೊಡುವ ನೋಂದಣಿ), 80ಜಿ (ದಾನಿಗಳಿಗೆ ತೆರಿಗೆ ರಿಯಾಯಿತಿ ಕೊಡಿಸುವ ನೋಂದಣಿ) ಇದ್ದರೆ ಸಾಕು ಅಂದಿದ್ದಿರಲ್ಲ, ಸಾಲಲಿಲ್ಲ. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ದುಡ್ಡು ಪಡೆಯಲು 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ಅನ್ನುವ ನೋಂದಣಿಯೂ ಬೇಕು. ಅದನ್ನು ಹಾಸನದ ನಮ್ಮ ಆಡಿಟರ್ ಆನ್‌ಲೈನ್‌ನಲ್ಲಿ ಮಾಡಿಸಿದರು. ಮೂರು ಕಡೆಯಿಂದ ಕೊಟೇಶನ್ ತರಿಸಿದೆವು. ಫೌಂಡೇಶನ್‌ನವರು ಕೇಳಿದ ಒಂದು ಪ್ರಶ್ನೆ ಮಾತ್ರ ಚೆನ್ನಾಗಿತ್ತು: "ಮಷೀನ್ ಕೆಟ್ಟರೆ ರಿಪೇರಿ ಖರ್ಚು ಯಾರದ್ದು?" ನಾವು ಯೋಚಿಸಿಯೇ ಇರಲಿಲ್ಲ! ಈಗ ಅದನ್ನು ನಮ್ಮ ವರ್ಷದ ಖರ್ಚಿಗೆ ಸೇರಿಸಿದ್ದೇವೆ.

ಕಟ್ಟಡದ ಕಥೆ ಬೇರೆ. ಜಾಗ ಊರಿನ ಹಿರಿಯರೊಬ್ಬರು ಬಾಯಿಮಾತಲ್ಲಿ ಕೊಟ್ಟದ್ದು. ಪಹಣಿಯಲ್ಲಿ ಈಗಲೂ ಅವರ ಹೆಸರೇ. ಟ್ರಸ್ಟ್ ಹೆಸರಿಗೆ ಜಾಗ ಬರದೆ ಯಾರೂ ಕಟ್ಟಡಕ್ಕೆ ದುಡ್ಡು ಹಾಕುವುದಿಲ್ಲ, ಅದು ಸರಿಯೇ ಅಲ್ವಾ? ಅವರೇನೋ ದಾನಪತ್ರಕ್ಕೆ ರೆಡಿ. ಮಗನೂ ಸಹಿ ಹಾಕಬೇಕು, ಅವನು ದುಬೈನಲ್ಲಿದ್ದಾನೆ. ಕಾಫಿ ಕೊಯ್ಲಿಗೆ ಬರುತ್ತಾನಂತೆ. ಅಲ್ಲಿಯವರೆಗೆ ಹೊಸ ಸಾಮಾನೆಲ್ಲ ವರಾಂಡದಲ್ಲೇ, ಟಾರ್ಪಲ್ ಹೊದೆಸಿ.